ಕಚ್ಚಿದವರೇ ಬಟ್ಟೆ ಹಿಡಿಯಬೇಕು

ನಮ್ಮ ಶಿಶುವಿಹಾರದಲ್ಲಿ ದಿನಕ್ಕೆ ಒಂದು ಮಗುವಾದರೂ ಇನ್ನೊಂದನ್ನು ಕಚ್ಚುತ್ತದೆ. ಎರಡರಿಂದ ನಾಲ್ಕು ವರ್ಷದ ಇಪ್ಪತ್ತೆರಡು ಮಕ್ಕಳು, ಒಂದೇ ಕೋಣೆ, ಒಂದೇ ಮರದ ಕುದುರೆ. ಕುದುರೆಗೆ ಇರುವುದು ಒಂದೇ ಬೆನ್ನು. ಮಾತು ಇನ್ನೂ ಪೂರ್ತಿ ಬಾರದ ಬಾಯಿಗೆ ಹಲ್ಲು ಮಾತ್ರ ಬಂದುಬಿಟ್ಟಿರುತ್ತದೆ. ಏನು ಮಾಡುತ್ತವೆ ಪಾಪ, ಇರುವುದನ್ನು ಬಳಸುತ್ತವೆ.

ಕಚ್ಚಿದಾಗ ಏನು ಮಾಡಬೇಕು ಎಂಬುದಕ್ಕೆ ಇಲ್ಲೊಂದು ಪದ್ಧತಿಯಿದೆ. ಬಾಗಿಲ ಪಕ್ಕದ ಸ್ಟೂಲಿನ ಮೇಲೆ ನೀರು ತುಂಬಿದ ಬೋಗುಣಿ. ಅದರ ಪಕ್ಕದಲ್ಲಿ ಮಡಿಸಿಟ್ಟ ಬಿಳಿ ಬಟ್ಟೆಯ ಚೌಕಗಳು. ಕಚ್ಚಿದ ಮಗುವೇ ಹೋಗಿ ಬಟ್ಟೆ ಅದ್ದಿ ಹಿಂಡಬೇಕು, ತಂದು ಕಚ್ಚಿಸಿಕೊಂಡ ಮಗುವಿನ ಕೈ ಮೇಲಿಟ್ಟು, ಹಲ್ಲಿನ ಗುರುತು ಹೋಗುವ ತನಕ ಹಿಡಿದು ಕೂರಬೇಕು. ಏಟಿಲ್ಲ, ಬೈಗುಳವಿಲ್ಲ, ಮೂಲೆಯಲ್ಲಿ ನಿಲ್ಲಿಸುವುದಿಲ್ಲ. ‘ಸಾರಿ ಹೇಳು’ ಎಂಬ ಬಲವಂತವೂ ಇಲ್ಲ.

ಈ ಪದ್ಧತಿ ಇಲ್ಲಿನ ಚರ್ಚಿನ ಸನ್ಯಾಸಿನಿ ಸಿಸ್ಟರಮ್ಮನದು. ವಯಸ್ಸು ಎಪ್ಪತ್ತೆಂಟು, ಎರಡು ಕಿವಿಯಲ್ಲಿ ಒಂದು ಪೂರ್ತಿ ರಜೆ, ಇನ್ನೊಂದು ಅರ್ಧ ದಿನದ ಕೆಲಸ. ಈ ಚರ್ಚಿನ ಹಿಂಬದಿಯ ಕೋಣೆಯಲ್ಲಿ, ಹೂದಾನಿ ಸ್ಟ್ಯಾಂಡುಗಳನ್ನೂ ಮುರಿದ ಬೆಂಚುಗಳನ್ನೂ ಒಂದು ಗೋಡೆಗೆ ಒತ್ತರಿಸಿ, ಗಾರ್ಮೆಂಟ್ ಹೆಂಗಸರ ಮಕ್ಕಳಿಗೆ ಜಾಗ ಮಾಡಿದವರು ಅವರೇ. ಬಟ್ಟೆಯ ಚೌಕಗಳು ಬಲಿಪೀಠದ ಮೇಲೆ ಹಾಸಿ ಹಾಸಿ ಸವೆದುಹೋದ ಹಾಸಿನವು.

“ಇದನ್ನ ಸುಟ್ಟುಬಿಡಬೇಕಂತೆ ರೂಢಿ ಪ್ರಕಾರ,” ಎಂದಿದ್ದರು, ಕತ್ತರಿ ಆಡಿಸುತ್ತ. “ಸುಡೋ ಬದಲು ಗಾಯಕ್ಕೆ ಹಿಡಿದ್ರೆ ದೇವರೇನು ಕೋಪ ಮಾಡ್ಕೊಳ್ಳಲ್ಲ. ಫಾದರ್ ಮಾಡ್ಕೋತಾರೆ. ಅವರಿಗೆ ಹೇಳಬೇಡ.”

ನಾನು ಇಲ್ಲಿ ಕೆಲಸಕ್ಕೆ ಸೇರಿದ ಮೊದಲ ವಾರ ಕೇಳಿದ್ದೆ, “ಯಾಕೆ ಕಚ್ಚಿದ್ದು ಅಂತ ಮೊದಲು ವಿಚಾರಿಸಬೇಡ್ವಾ ಸಿಸ್ಟರಮ್ಮ? ನ್ಯಾಯ ಯಾರ ಕಡೆ ಇದೆಯೋ ನೋಡಬೇಡ್ವಾ?”

“ಕಾರಣ ಆಮೇಲೆ ಕೇಳೋಣ. ಮೊದಲು ಬಟ್ಟೆ.”

“ಕುದುರೆ ಕಿತ್ಕೊಂಡವನದೂ ತಪ್ಪು ತಾನೇ?”

“ತಪ್ಪೇ. ಆದ್ರೆ ಉರೀತಿರೋದು ಯಾರ ಕೈ?”

ನನಗೆ ಅದು ಸರಿಬರಲಿಲ್ಲ. ನ್ಯಾಯವನ್ನು ಎರಡನೇ ಜಾಗದಲ್ಲಿ ಕೂರಿಸುವ ಯಾವ ಮಾತನ್ನೂ ನಾನು ಜೀವಮಾನದಲ್ಲಿ ಒಪ್ಪಿದವಳಲ್ಲ.

ನನ್ನ ಹೆಸರು ಯಾರಿಗೂ ನೆನಪಿಲ್ಲ. ಕಾರ್ಖಾನೆಯಲ್ಲಿ ಇಟ್ಟ ಅಡ್ಡಹೆಸರೇ ಉಳಿದಿದೆ: ಮೈಕು. ಮಕ್ಕಳಿಗೆ ಮೈಕಮ್ಮ. ಇದೇ ಬೀದಿಯ ತುದಿಯ ಗಾರ್ಮೆಂಟ್ ಕಾರ್ಖಾನೆಯಲ್ಲಿ ಹನ್ನೊಂದು ವರ್ಷ ಅಂಗಿಗೆ ಗುಂಡಿಪಟ್ಟಿ ಹೊಲಿದಿದ್ದೇನೆ. ಅಲ್ಲಿ ನೂರಿಪ್ಪತ್ತು ಹೆಂಗಸರ ಒಂದು ಲೈನಿಗೆ ಎರಡು ಮರದ ಟೋಕನ್. ಪಾಯಿಖಾನೆಗೆ ಹೋಗಬೇಕಾದರೆ ಸೂಪರ್‌ವೈಸರನ ಕೊರಳಲ್ಲಿ ನೇತಾಡುವ ಟೋಕನ್ ಬೇಡಿ ಪಡೆಯಬೇಕು. ಎರಡೂ ಹೊರಗೆ ಹೋಗಿದ್ದರೆ ಹೊಟ್ಟೆ ಹಿಡಿದುಕೊಂಡು ಹೊಲಿಯುತ್ತಿರಬೇಕು. ಬಸುರಿಯೂ ಬೇಡಬೇಕು, ಮುಟ್ಟಾದವಳೂ ಬೇಡಬೇಕು. ಆ ಟೋಕನ್ ಹೋಗಬೇಕು, ನಮ್ಮ ಮಕ್ಕಳಿಗೆ ಕಾರ್ಖಾನೆಯೊಳಗೇ ಒಂದು ಶಿಶುವಿಹಾರ ಬೇಕು ಎಂದು ನಾವು ಹತ್ತೊಂಬತ್ತು ದಿನ ಗೇಟಿನ ಮುಂದೆ ಕೂತೆವು. ಟೋಕನ್ ಹೋಯಿತು. ಶಿಶುವಿಹಾರ ಬರಲಿಲ್ಲ. ವರ್ಷ ತುಂಬುವುದರೊಳಗೆ ನನ್ನ ಕೆಲಸವೂ ಹೋಯಿತು, ಮತ್ತೆ ಯಾವ ಕಾರ್ಖಾನೆಯೂ ನನ್ನನ್ನು ಹೊಸಿಲು ದಾಟಿಸಲಿಲ್ಲ.

ಆ ಹತ್ತೊಂಬತ್ತು ದಿನದಲ್ಲಿ ಫಾದರ್ ಒಂದು ಸಲ ಗೇಟಿಗೆ ಬಂದಿದ್ದರು. “ಸಮಾಧಾನ, ಮಕ್ಕಳೇ, ಸಮಾಧಾನ” ಎಂದು ಕೈಯೆತ್ತಿ ಹೇಳಿ ಹೋದರು. ಚರ್ಚಿನ ಹೊಸ ಗಂಟೆ ಮಾಲೀಕನ ಕಾಣಿಕೆ ಎಂಬುದು ಬೀದಿಗೆಲ್ಲ ಗೊತ್ತಿತ್ತು. ಹೊಟ್ಟೆ ಹಿಡಿದುಕೊಂಡು ಕೂತವಳಿಗೆ ಸಮಾಧಾನ ಹೇಳುವ ದೇವರು ನನಗೆ ಬೇಡ ಎಂದು ಅಂದೇ ಚರ್ಚಿನ ಮೆಟ್ಟಿಲು ಬಿಟ್ಟೆ. ಆದರೆ ಅದೇ ಹತ್ತೊಂಬತ್ತು ದಿನವೂ ಒಬ್ಬ ಮುದುಕಿ ಕುಡಿಯುವ ನೀರಿನ ಕೊಡ ತಳ್ಳುಗಾಡಿಯಲ್ಲಿ ತಂದು ಗೇಟಿನ ಬಳಿ ಇಳಿಸಿ, ಒಂದೂ ಮಾತಾಡದೆ ಹೋಗುತ್ತಿದ್ದರು. ಅವರೇ ಸಿಸ್ಟರಮ್ಮ. ಮೂರು ವರ್ಷದ ಹಿಂದೆ ನನ್ನ ಮನೆಗೇ ಬಂದು ಕರೆದರು: “ನನ್ನ ಕಿವಿ ಹೋಯ್ತು. ನಿನ್ನ ಗಂಟಲು ಇದೆ. ಬಾ.”

“ನನಗೆ ಭಕ್ತಿ ಇಲ್ಲ ಸಿಸ್ಟರಮ್ಮ.”

“ಮೂಗು ಒರೆಸೋಕೆ ಬರುತ್ತಲ್ಲ? ಸಾಕು.”

ಮೂಗು ಒರೆಸುವುದು ನನಗೆ ಬೇರೆ ರೀತಿಯಲ್ಲೂ ಉಪಯೋಗಕ್ಕೆ ಬಂತು. ಮಧ್ಯಾಹ್ನದ ಊಟಕ್ಕೆ ಮುಂಚೆ ಮಕ್ಕಳಿಗೆ ಪ್ರಭು ಕಲಿಸಿದ ಪ್ರಾರ್ಥನೆ ಹೇಳಿಕೊಡಬೇಕು. ನಾನು ಒಂದೊಂದೇ ತುಂಡು ಹೇಳುತ್ತೇನೆ, ಅವು ಕೂಗುತ್ತವೆ. ಆ ಪ್ರಾರ್ಥನೆಯ ನಡುವೆ, ನಮ್ಮನ್ನು ಕ್ಷಮಿಸು, ನಾವೂ ಕ್ಷಮಿಸಿದ್ದೇವೆ ಎಂಬ ಅರ್ಥದ ಒಂದು ಸಾಲಿದೆ. ಅಲ್ಲಿಗೆ ಬಂದಾಗಲೆಲ್ಲ ನಾನು ಯಾವುದಾದರೂ ಮಗುವಿನ ಮೂಗು ಒರೆಸಲು ಬಗ್ಗುತ್ತಿದ್ದೆ. ಇಪ್ಪತ್ತೆರಡು ಮಕ್ಕಳಿರುವ ಕೋಣೆಯಲ್ಲಿ ಸೋರುವ ಮೂಗಿಗೆ ಬರವೇ? ಸಾಲನ್ನು ಮಕ್ಕಳೇ ಹೇಳಿ ಮುಗಿಸುತ್ತಿದ್ದವು. ನಾನು ಎದ್ದು ಮುಂದಿನ ಸಾಲಿಗೆ ಹಾಜರು. ಕ್ಷಮಿಸದವಳು ಕ್ಷಮಿಸಿದ್ದೇನೆ ಎಂದು ಸುಳ್ಳು ಹೇಳಬಾರದು, ಅಷ್ಟು ನಿಯತ್ತು ನನಗಿದೆ ಎಂದು ಹೆಮ್ಮೆಪಡುತ್ತಿದ್ದೆ.

ನಾನು ಕ್ಷಮಿಸದೆ ಉಳಿಸಿಕೊಂಡವಳು ಕಾಜಾ.

ಅದೂ ಅಡ್ಡಹೆಸರೇ. ಗುಂಡಿ ತೂರುವ ತೂತಿಗೆ ಕಾಜಾ ಅನ್ನುತ್ತಾರಲ್ಲ, ಅವಳು ಆ ಮಿಷಿನ್ನಿನವಳು. ನಾನು ಪಟ್ಟಿ ಹೊಲಿದರೆ ಅದೇ ಅಂಗಿ ಅವಳ ಕೈಗೆ ಹೋಗಬೇಕು. ಹನ್ನೊಂದು ವರ್ಷ, ದಿನಕ್ಕೆ ನಾನೂರು ಅಂಗಿ, ನನ್ನ ಕೈಯಿಂದ ಅವಳ ಕೈಗೆ. ಅಷ್ಟು ಸಲ ನಾನು ನನ್ನ ಒಡಹುಟ್ಟಿದವರ ಕೈಯನ್ನೂ ಮುಟ್ಟಿಲ್ಲ. ಮುಷ್ಕರದ ಒಂಬತ್ತನೇ ಬೆಳಿಗ್ಗೆ ಅವಳು ಗೋಡೌನಿನ ಕಡೆಯ ಹಿಂಬಾಗಿಲಿನಿಂದ ಒಳಗೆ ಕೆಲಸಕ್ಕೆ ಹೋದಳು. ಸಂಜೆ ಹೊರಗೆ ಬಂದಾಗ ನಾನು ಕೈಮೈಕು ಹಿಡಿದು ಡ್ರಮ್ಮಿನ ಮೇಲೆ ನಿಂತಿದ್ದೆ. ಅಮ್ಮನನ್ನು ಕರೆದುಕೊಂಡು ಹೋಗಲು ಬಂದ ಅವಳ ಹತ್ತು ವರ್ಷದ ಮಗಳೂ ಅಲ್ಲೇ ಇದ್ದಳು. ನಾನು ಕೂಗಿದೆ: “ಹಿಂಬಾಗಿಲು!” ಮುನ್ನೂರು ಹೆಂಗಸರು ತಟ್ಟೆ ಬಡಿದು ಕೂಗಿದರು: “ಹಿಂಬಾಗಿಲು! ಹಿಂಬಾಗಿಲು!” ಒಳ್ಳೆಯ ಘೋಷಣೆ. ಬಾಯಿಗೆ ಕೂರುತ್ತದೆ, ತಾಳಕ್ಕೂ ಕೂರುತ್ತದೆ. ಕಾರ್ಮಿಕ ಸಂಘದ ಓದುಬಳಗದಲ್ಲಿ ವರ್ಷಗಟ್ಟಲೆ ಕೂತು ಕಲಿತಿದ್ದೆ, ಘೋಷಣೆ ನಾಲ್ಕಕ್ಷರ ದಾಟಬಾರದು ಎಂದು. ಆ ಹೆಸರು ಅವಳಿಗೆ ಅಂಟಿದ್ದು ಬಿಡಲೇ ಇಲ್ಲ. ನಲ್ಲಿಯ ಹತ್ತಿರ ಅವಳ ಕೊಡ ಬಂದರೆ ಉಳಿದ ಕೊಡಗಳು ಸರಿದುಕೊಳ್ಳುತ್ತಿದ್ದವು. ಮಗಳನ್ನು ಶಾಲೆಯಲ್ಲಿ ಏನೆಂದು ಕರೆಯುತ್ತಿದ್ದರೋ ನಾನು ಕೇಳಲು ಹೋಗಲಿಲ್ಲ. ದ್ರೋಹಕ್ಕೆ ತಕ್ಕ ಬೆಲೆ ಎಂದುಕೊಂಡೆ. ಅದೆಲ್ಲ ನಡೆದು ಹದಿನಾಲ್ಕು ವರ್ಷವಾಯಿತು.

ಆ ಮಗಳು ಮೊನ್ನೆ ಬಾಗಿಲಲ್ಲಿ ಬಂದು ನಿಂತಳು. ಕಂಕುಳಲ್ಲಿ ಮೂರು ವರ್ಷದ ಹೆಣ್ಣುಮಗು. ಗಲ್ಲದ ಗುಳಿ ನೋಡುತ್ತಲೇ ನನಗೆ ಗೊತ್ತಾಯಿತು ಇದು ಯಾರ ಕುಡಿ ಎಂದು. ಮೂರು ತಲೆಮಾರಿಗೆ ಒಂದೇ ಅಚ್ಚು.

“ಸಿಸ್ಟರ್ ಸೇರಿಸ್ಕೋತೀನಿ ಅಂದ್ರು,” ಎಂದಳು. ಕಣ್ಣು ನೆಲದ ಮೇಲಿತ್ತು. “ನೀವು ಇಲ್ಲಿರೋದು ಅಮ್ಮನಿಗೆ ಹೇಳಿಲ್ಲ. ಅಮ್ಮನ ಮಂಡಿ ಕೈಕೊಟ್ಟಿದೆ, ಮಗು ಹಿಂದೆ ಓಡೋಕಾಗಲ್ಲ. ಎಂಟೂವರೆಗೆ ನಾನು ಲೈನಿನಲ್ಲಿ ಇರಲೇಬೇಕು. ಇಲ್ಲಿ ಆಗ್ಲಿಲ್ಲ ಅಂದ್ರೆ ಕೆಲಸ ಬಿಡಬೇಕು, ಅಷ್ಟೇ.”

“ಮಗು ಯಾರದಾದ್ರೇನು,” ಎಂದೆ. ಮಾತು ದೊಡ್ಡದು, ದನಿ ಮಾತ್ರ ಸಣ್ಣದಾಗಿತ್ತು.

ಮಕ್ಕಳಿಗೆ ಓದಲು ಬಾರದಲ್ಲ. ಅದಕ್ಕೇ ಚೀಲ ನೇತುಹಾಕುವ ಒಂದೊಂದು ಮೊಳೆಯ ಮೇಲೆ ಒಂದೊಂದು ಚಿತ್ರ. ಛತ್ರಿ, ಮೀನು, ಚಮಚ, ಬಾತುಕೋಳಿ. ಖಾಲಿ ಇದ್ದ ಒಂದೇ ಮೊಳೆಯ ಮೇಲಿನ ಚಿತ್ರ ಬಾಗಿಲು. ಮಗಳು ಅದನ್ನು ನೋಡಿದಳು, ನನ್ನನ್ನು ನೋಡಿದಳು.

“ಬೇರೆ ಚಿತ್ರ ಇಲ್ವಾ?”

“ಇರೋದು ಇದೇ,” ಎಂದೆ.

ಹೊಸದೊಂದು ಚಿತ್ರ ಬರೆಯಲು ಬಣ್ಣದ ಪೆನ್ಸಿಲ್ಲಿಗೆ ಐದು ನಿಮಿಷ ಸಾಕಿತ್ತು. ಬರೆಯಲಿಲ್ಲ. ಅವಳು ಚೀಲ ನೇತುಹಾಕಿ ಹೊರಟಳು.

ಮಗು ಜೀರಿಗೆಮೆಣಸಿನ ಹಾಗೆ, ಗಾತ್ರದಲ್ಲಿ ಸಣ್ಣದು, ಬಾಯಲ್ಲಿ ಖಾರ. ಎರಡೇ ದಿನಕ್ಕೆ ಜೀರಿಗೆ ಎಂದು ಹೆಸರಾಯಿತು. ಅದಕ್ಕೆ ಜೊತೆಯಾದವನು ಡಬ್ಬಿ. ಮೂರೂವರೆ ವರ್ಷದ ಗುಂಡುಗುಂಡಾದ ಹುಡುಗ; ಬೆಳಿಗ್ಗೆ ಒಂದು ಖಾಲಿ ತಗಡಿನ ಡಬ್ಬಿ ಹಿಡಿದು ಬರುತ್ತಾನೆ, ಸಂಜೆ ಅದನ್ನೇ ಹಿಡಿದು ಹೋಗುತ್ತಾನೆ. ಒಳಗೆ ಏನಿದೆ ಎಂದು ಕೇಳಿದರೆ “ಗಾಳಿ” ಎನ್ನುತ್ತಾನೆ. ಮಲಗುವಾಗ ತಲೆಯ ಬಳಿ ಗಾಳಿ ಇರಲೇಬೇಕು.

ಮೂರನೇ ದಿನ, ಊಟಕ್ಕೆ ತಟ್ಟೆ ಹಂಚುವ ಹೊತ್ತು. ಸಿಸ್ಟರಮ್ಮ ಔಷಧಿಗೆಂದು ಆಸ್ಪತ್ರೆಗೆ ಹೋಗಿದ್ದರು, ನಾನೊಬ್ಬಳೇ. ಜೀರಿಗೆ ಡಬ್ಬಿಯ ಮುಚ್ಚಳ ತೆಗೆದಳು. ಗಾಳಿ ಹಾರಿಹೋಯಿತು ಎಂದು ಅವನು ಡಬ್ಬಿ ಕಿತ್ತುಕೊಂಡು ಅವಳನ್ನು ದೂಡಿದ. ಅವಳು ಬಗ್ಗಿ ಅವನ ಮುಂಗೈಗೆ ಹಲ್ಲು ಹಾಕಿದಳು. ಹಾಕಿದವಳು ಬಿಡಲಿಲ್ಲ. ನಾನು ಓಡಿಬಂದು ಬಿಡಿಸಿದಾಗ ಅರ್ಧಚಂದ್ರಾಕಾರದ ಎರಡು ಸಾಲು, ನಡುವೆ ಒಂದು ಹನಿ ರಕ್ತ.

ಆ ಗಲ್ಲದ ಗುಳಿ ನನ್ನ ಕಡೆ ತಿರುಗಿತು. ಅಳಲಿಲ್ಲ, ತಲೆ ತಗ್ಗಿಸಲಿಲ್ಲ. ಗೇಟಿನಿಂದ ಹೊರಬಂದ ಸಂಜೆ ಕಾಜಾ ಕೂಡ ಹೀಗೇ ನಿಂತು ನನ್ನನ್ನು ನೋಡಿದ್ದಳು.

ಬೋಗುಣಿ ನಾಲ್ಕು ಹೆಜ್ಜೆ ದೂರದಲ್ಲಿತ್ತು. ನಾನು ಅಲ್ಲಿಗೆ ಹೋಗಲಿಲ್ಲ. ಮೂರು ವರ್ಷದ ಮಗುವಿನ ರಟ್ಟೆ ಹಿಡಿದು ಎಲ್ಲರ ಮುಂದೆ ನಿಲ್ಲಿಸಿದೆ. “ನೋಡಿ ಎಲ್ಲರೂ! ಯಾರಿವಳು? ಕಚ್ಚುಬಾಯಿ!”

ಬೇಕೆಂದು ಕಟ್ಟಿದ್ದಲ್ಲ. ಘೋಷಣೆ ಕಟ್ಟಿ ಕಟ್ಟಿ ಪಳಗಿದ ಬಾಯಿ. ಸಿಟ್ಟು ಒಳಗೆ ಹೋದರೆ ನಾಲ್ಕಕ್ಷರವಾಗಿಯೇ ಹೊರಗೆ ಬರುತ್ತದೆ. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ತಟ್ಟೆಗಳು ಮಕ್ಕಳ ಕೈಯಲ್ಲೇ ಇದ್ದವಲ್ಲ. ಮೊದಲು ಒಂದು ಮಗು ಬಡಿಯಿತು. ಆಮೇಲೆ ಎಲ್ಲವೂ.

“ಕಚ್ಚುಬಾಯಿ! ಕಚ್ಚುಬಾಯಿ!”

ಅದೇ ತಾಳ. ಅದೇ ತಟ್ಟೆ. ಇಪ್ಪತ್ತು ಹಾಲುಗಂಟಲುಗಳು ನನ್ನ ಹದಿನಾಲ್ಕು ವರ್ಷದ ಹಿಂದಿನ ಸಂಜೆಯನ್ನು ನನಗೆ ಒಪ್ಪಿಸುತ್ತಿದ್ದವು. ಅವಕ್ಕೆ ಅದು ಆಟ, ನಗುತ್ತಿದ್ದವು. ಅಂದು ಗೇಟಿನಲ್ಲೂ ಕೆಲವರು ನಕ್ಕಿದ್ದರು ಎಂಬುದು ನನಗೆ ಆಗ ನೆನಪಾಯಿತು. ಜೀರಿಗೆ ಮೆಲ್ಲಗೆ ಹಿಂದೆ ಸರಿದು ಮರದ ಕುದುರೆಯ ಹೊಟ್ಟೆಯ ಕೆಳಗೆ ನುಸುಳಿದಳು. “ಸಾಕು, ನಿಲ್ಲಿಸ್ರೋ” ಎಂದು ಹೇಳಲು ಬಾಯಿ ತೆರೆದೆ. ಮೈಕು ಕೆಟ್ಟಿತ್ತು.

ಬಡಿಯದೆ ಇದ್ದವನು ಡಬ್ಬಿಯೊಬ್ಬನೇ. ಅಳು ಮುಗಿಸಿ, ಕೈ ನೋಡಿಕೊಂಡ. ನನ್ನನ್ನು ನೋಡಿದ. ಏನೋ ಒಂದು ಕೆಲಸ ಬಾಕಿಯಿದೆ, ಈ ದೊಡ್ಡವಳು ಮರೆತಿದ್ದಾಳೆ ಎಂಬಂತೆ. ಸ್ಟೂಲಿನ ಹತ್ತಿರ ಹೋದ, ಬಟ್ಟೆ ಎಳೆದು ಬೋಗುಣಿಗೆ ಹಾಕಿದ, ಹಿಂಡಲು ಬರದೆ ಹಾಗೇ ಎತ್ತಿದ. ನೀರು ಸುರಿಸುತ್ತ ಕುದುರೆಯ ಬಳಿಗೆ ನಡೆದು, ಕೆಳಗೆ ಕೂತು, ಬಟ್ಟೆಯನ್ನು ಒಳಗೆ ತೂರಿದ.

“ತಗೋ. ಹಿಡಿ.”

ಒಳಗಿನ ಎರಡು ಪುಟ್ಟ ಪಾದ ಇನ್ನಷ್ಟು ಹಿಂದೆ ಸರಿದವು.

“ನೋಯ್ತಿದೆ. ಬೇಗ ಹಿಡಿಯೇ!”

ಕುದುರೆಯ ಹೊಟ್ಟೆಯ ಕೆಳಗಿನಿಂದ ಒಂದು ಪುಟ್ಟ ಕೈ ಬಂತು, ಬಟ್ಟೆ ತೆಗೆದುಕೊಂಡಿತು. ಅವನು ಕಚ್ಚಿಸಿಕೊಂಡ ಕೈಯನ್ನು ಒಳಗೆ ಚಾಚಿ ಕೊಟ್ಟ. ತಟ್ಟೆಯ ಸದ್ದು ಒಂದೊಂದಾಗಿ ನಿಂತಿತು. ಬಟ್ಟೆ ಹಿಡಿಯುವುದನ್ನು ನೋಡುವುದು ಮಕ್ಕಳಿಗೆ ಕೂಗುವುದಕ್ಕಿಂತ ಹೆಚ್ಚು ಇಷ್ಟ. ಸ್ವಲ್ಪ ಹೊತ್ತಿನ ಮೇಲೆ ಒಳಗಿನಿಂದ ಕೇಳಿಸಿತು:

“ಗಾಳಿ ಹೋಯ್ತಾ?”

“ಇನ್ನೊಂದು ಸಲ ತುಂಬಿದೆ.”

ಮಧ್ಯಾಹ್ನ ಮಕ್ಕಳು ಮಲಗಿದ ಮೇಲೆ ಸಿಸ್ಟರಮ್ಮ ಬಂದರು. ನಾನು ನಡೆದುದನ್ನೆಲ್ಲ ಅವರ ಅರ್ಧ ದಿನದ ಕಿವಿಗೆ ಹೇಳಿದೆ, ಮಕ್ಕಳು ಏಳದಷ್ಟು ಮೆಲ್ಲಗೆ, ಅವರಿಗೆ ಕೇಳುವಷ್ಟು ಜೋರಾಗಿ. ಬಯ್ಯುತ್ತಾರೆ ಎಂದುಕೊಂಡಿದ್ದೆ. ಅವರು ಕೆಳಗೆ ಕೂತು ಒದ್ದೆ ನೆಲ ಒರೆಸಿದರು.

“ಕಚ್ಚಿಸಿಕೊಂಡವನೇ ಬಟ್ಟೆ ತಂದುಕೊಟ್ಟ, ಸಿಸ್ಟರಮ್ಮ. ಹಾಗೆ ನಾವು ಹೇಳಿಕೊಟ್ಟಿರಲಿಲ್ಲ.”

“ಮಕ್ಕಳ ಹಾಗೆ ಆಗಿ ಅಂತ ನಮ್ಮ ಪ್ರಭು ಹೇಳಿದಾಗ, ಮುಗ್ಧರಾಗಿ ಅಂದ ಅಂದ್ಕೊಂಡ್ರು ಎಲ್ಲ,” ಎಂದರು ಬಟ್ಟೆ ಹಿಂಡುತ್ತ. “ಮುಗ್ಧ ಎಲ್ಲಿ ಬಂತು? ನಾನು ನಲವತ್ತು ವರ್ಷದಿಂದ ನೋಡ್ತಿದೀನಿ. ಕಚ್ಚುತ್ತವೆ, ಕಿತ್ಕೊಳ್ತವೆ, ತಾನು ಉಚ್ಚೆ ಹೊಯ್ದು ಪಕ್ಕದವನ ಕಡೆ ಬೆರಳು ತೋರಿಸ್ತವೆ. ಆದ್ರೆ ಹಗೆ ಇಟ್ಕೊಳ್ಳೋಕೆ ಅವುಗಳ ಅಂಗಿಗೆ ಜೇಬಿಲ್ಲ. ಜೇಬು ಹೊಲಿಯೋರು ನಾವು.”

ಆಮೇಲೆ ನನ್ನ ಮುಖ ನೋಡಿ ಕೇಳಿದರು, “ನೀನು ಯಾರನ್ನ ಕಚ್ಚಿದ್ದೆ?”

“ಅವಳು ಮುಷ್ಕರ ಮುರಿದ್ಲು ಸಿಸ್ಟರಮ್ಮ! ನ್ಯಾಯ ನನ್ನ ಕಡೆ ಇತ್ತು.”

“ಇತ್ತು. ನಾನೇ ನೀರು ತಂದಿದ್ದೆನಲ್ಲ.” ಅವರು ಮಂಡಿ ಹಿಡಿದುಕೊಂಡು ಎದ್ದರು. “ಹಲ್ಲು ಯಾರದು?”

ಅಷ್ಟೇ ಕೇಳಿ ಹಾಲು ಕಾಯಿಸಲು ಹೋದರು.

ಮರುದಿನ ಬೆಳಿಗ್ಗೆ ಎಂಟಕ್ಕೆ ಮಗುವಿನ ಜೊತೆ ಮಗಳು ಬರಲಿಲ್ಲ, ಕಾಜಾ ಬಂದಳು. ಒಂದು ಕೈಯಲ್ಲಿ ಊರುಗೋಲು, ಇನ್ನೊಂದು ಕೈಯಲ್ಲಿ ಜೀರಿಗೆ. ಕೂದಲು ಅರ್ಧ ಬೆಳ್ಳಗಾಗಿತ್ತು. ಜೀರಿಗೆ ಕೈ ಬಿಡಿಸಿಕೊಂಡು ಕುದುರೆಯತ್ತ ಓಡಿದಳು. ಕಾಜಾ ಮೊಳೆಗಳ ಸಾಲನ್ನು ನೋಡಿದಳು, ಬಾಗಿಲಿನ ಚಿತ್ರದ ಮುಂದೆ ನಿಂತಳು, ಅಲ್ಲೇ ಬಿಟ್ಟುಹೋಗಿದ್ದ ಮಗುವಿನ ಚೀಲವನ್ನು ಕಳಚಿ ಹೆಗಲಿಗೆ ಹಾಕಿಕೊಂಡಳು.

“ಏನು ಮೈಕು, ನಿನ್ನ ಬ್ಯಾಟರಿ ಇನ್ನೂ ಇಳಿದಿಲ್ವಾ?”

ಕೈಯಲ್ಲಿದ್ದ ಪೊರಕೆಯನ್ನು ಗೋಡೆಗೆ ಒರಗಿಸಿದೆ.

“ನಿನ್ನೆ ಇಡೀ ಸಂಜೆ ಇವಳು ತಟ್ಟೆ ಬಡ್ಕೊಂಡು ತಾನೇ ಹಾಡ್ತಿದ್ಲು, ಕಚ್ಚುಬಾಯಿ, ಕಚ್ಚುಬಾಯಿ ಅಂತ. ಯಾರು ಕಲಿಸಿದ್ದು ಅಂತ ಕೇಳಿದ್ರೆ ಮೈಕಮ್ಮ ಅಂತಾಳೆ. ತಾಳ ಕೇಳಿದಾಗಲೇ ನಂಗೆ ಗೊತ್ತಾಯ್ತು ಇದು ಯಾವ ಅಂಗಡಿ ಮಾಲು ಅಂತ.” ಅವಳ ದನಿ ಏರಲಿಲ್ಲ, ಏರಿದ್ದರೆ ನನಗೆ ಸುಲಭವಾಗುತ್ತಿತ್ತು. “ಅವತ್ತು ನನಗೆ. ಆಮೇಲೆ ಶಾಲೇಲಿ ನನ್ನ ಮಗಳಿಗೆ. ಈಗ ಮೂರು ವರ್ಷದ ಕೂಸಿಗೆ. ನಮ್ಮ ವಂಶಕ್ಕೆಲ್ಲ ಹೆಸರಿಡೋ ಗುತ್ತಿಗೆ ತಗೊಂಡಿದೀಯಾ?”

“ಮಗು ಕರ್ಕೊಂಡು ಹೋದ್ರೆ ನಿನ್ನ ಮಗಳ ಕೆಲಸ...”

“ಹೋಗಲಿ ಬಿಡು. ನಾವು ಹೊಟ್ಟೆಗಿಲ್ಲದೆ ಇದ್ದೋರೇ. ಬಾರೇ ಪುಟ್ಟಿ.”

ಜೀರಿಗೆ ಬರಲಿಲ್ಲ, ಅವಳಾಗಲೇ ಡಬ್ಬಿಯ ಗಾಳಿಗೆ ಕಿವಿ ಕೊಟ್ಟು ಕೂತಿದ್ದಳು.

ನನ್ನ ನಾಲಗೆಯ ತುದಿಯಲ್ಲಿ ಹದಿನಾಲ್ಕು ವರ್ಷದಿಂದ ಮಸೆದಿಟ್ಟ ಉತ್ತರಗಳಿದ್ದವು. ಹಿಂಬಾಗಿಲಿನಿಂದ ಹೋಗಿದ್ದು ಸುಳ್ಳಾ? ಮುನ್ನೂರು ಜನ ಉಪವಾಸ ಕೂತಿದ್ದಾಗ ಒಳಗೆ ಕೂತು ಕಾಜಾ ಹೊಡೆದದ್ದು ಸುಳ್ಳಾ? ಒಂದೊಂದೂ ನಿಜ. ಒಂದೊಂದನ್ನೂ ಯಾವ ಸಭೆಯಲ್ಲಾದರೂ ನಾನು ಗೆಲ್ಲಿಸಬಲ್ಲೆ. ಆದರೆ ಅವುಗಳಲ್ಲಿ ಯಾವುದೂ ಈ ಚೀಲವನ್ನು ಮತ್ತೆ ಮೊಳೆಗೆ ಹಾಕುವಂಥದ್ದಲ್ಲ. ಹಿಂದಿನ ದಿನ ನಾಲ್ಕು ಹೆಜ್ಜೆ ಇಡಲಾರದ ನನ್ನ ಕಾಲು ಈಗ ತಾನಾಗಿಯೇ ಇಟ್ಟಿತು. ಬೋಗುಣಿಗೆ ಬಟ್ಟೆ ಅದ್ದಿದೆ, ಹಿಂಡಿದೆ, ಬಂದು ಅವಳ ಮುಂದೆ ನಿಂತೆ.

“ಕೈ ಕೊಡು.”

“ಏನಿದು?”

“ಇಲ್ಲಿ ಹೀಗೇ. ಕಚ್ಚಿದವರೇ ಬಟ್ಟೆ ಹಿಡೀಬೇಕು.”

“ನೀನು ನನಗೆ ಎಲ್ಲಿ ಕಚ್ಚಿದೆ?”

“ಗೇಟ್ ಹತ್ರ.”

ಅವಳು ನನ್ನನ್ನೇ ನೋಡಿದಳು. “ತಲೆ ಕೆಟ್ಟಿದೆಯಾ ನಿಂಗೆ?”

“ಕೆಟ್ಟಿರಬಹುದು. ಕೈ ಕೊಡು.”

“ನೋಡು, ನಾನು ಅವತ್ತು ಒಳಗೆ ಹೋಗಿದ್ದು ಯಾಕೆ ಅಂದ್ರೆ...”

“ಕಾರಣ ಆಮೇಲೆ. ಮೊದಲು ಬಟ್ಟೆ.”

ಅವಳು ಕೊಡಲಿಲ್ಲ. ಸರಿಯಾಗಿ ಹಿಂಡದ ಬಟ್ಟೆಯಿಂದ ನೀರು ನನ್ನ ಪಾದದ ಮೇಲೆ ತೊಟ್ಟಿಕ್ಕುತ್ತಿತ್ತು. ಅಷ್ಟರಲ್ಲಿ ಮಕ್ಕಳು ಸುತ್ತ ನೆರೆದಿದ್ದವು. ಈ ವಿಷಯದಲ್ಲಿ ಅವರಷ್ಟು ಬಲ್ಲವರು ಯಾರಿದ್ದಾರೆ? ಜೀರಿಗೆ ಬಂದು ಅಜ್ಜಿಯ ಸೆರಗು ಎಳೆದಳು.

“ಕೊಡಜ್ಜಿ. ತಣ್ಣಗಿರುತ್ತೆ. ನಾನೂ ಹಿಡಿದಿದ್ದೆ.”

ಡಬ್ಬಿ ಕಾಜಾಳ ಮುಂಗೈಯನ್ನು ಆ ಕಡೆ ಈ ಕಡೆ ತಿರುಗಿಸಿ ಪರೀಕ್ಷೆ ಮಾಡಿದ. “ಗುರುತೇ ಇಲ್ಲ!”

“ಇದೆ,” ಎಂದಳು ಕಾಜಾ. “ನಿಂಗೆ ಕಾಣಲ್ಲ.”

ಅವನು ಯೋಚನೆ ಮಾಡಿದ. “ಹಾಗಾದ್ರೆ ಜಾಸ್ತಿ ಹೊತ್ತು ಹಿಡೀಬೇಕು, ಮೈಕಮ್ಮ.”

ಮಂಡಿ ನೋವಿನವಳು ಎಷ್ಟು ಹೊತ್ತು ನಿಂತಾಳು? ಊರುಗೋಲು ಗೋಡೆಗೆ ಒರಗಿಸಿ, ಮಕ್ಕಳ ಕುರ್ಚಿಯೊಂದರ ಮೇಲೆ ಅರ್ಧ ಕೂತಳು, ಪೂರ್ತಿ ಹಿಡಿಸಲಿಲ್ಲ. ನಾನು ಎದುರಿಗೆ ನೆಲದ ಮೇಲೆ ಕೂತೆ. ಅವಳು ಬಲಗೈಯನ್ನು, ಯಾರೋ ಸರಕಾರಿ ಕಾಗದಕ್ಕೆ ಹೆಬ್ಬೆಟ್ಟು ಕೇಳಿದಂತೆ, ಮುಖ ಆ ಕಡೆ ಮಾಡಿ ಚಾಚಿದಳು. ಬಟ್ಟೆ ಇಟ್ಟೆ. ನಾನು ಆ ಕೈಯನ್ನು ಮುಟ್ಟಿ ಹದಿನಾಲ್ಕು ವರ್ಷವಾಗಿತ್ತು. ಹೆಬ್ಬೆರಳಿನ ಪಕ್ಕ ಸೂಜಿ ನುಗ್ಗಿದ ಹಳೆಯ ಕಲೆ ಹಾಗೇ ಇತ್ತು. ಅಂದು ರಕ್ತ ನಿಲ್ಲಿಸಲು ನಾನೇ ಒಂದು ಕಾಲರಿನ ತುಂಡು ಸುತ್ತಿದ್ದೆ.

ನೋಡಿ ನೋಡಿ ಬೇಸರವಾಗಿ ಮಕ್ಕಳು ಚದುರಿದವು.

“ಬಿಸಿಯಾಯ್ತು,” ಎಂದಳು. “ಮತ್ತೆ ಅದ್ದು.”

ಅದ್ದಿ ತಂದೆ.

“ಹೆದರಿಕೆ ಆಯ್ತು, ಅಷ್ಟೇ,” ಎಂದಳು, ಗೋಡೆಯನ್ನು ನೋಡುತ್ತ. “ಮಾಲೀಕ ಕೈ ಬೆಚ್ಚಗೆ ಮಾಡಿದ ಅಂತ ನೀವೆಲ್ಲ ಅಂದ್ರಿ. ಹಾಗೇನಿಲ್ಲ. ಅಂಥ ದೊಡ್ಡ ಕಾರಣ ಇದ್ದಿದ್ರೆ ಹೇಳ್ಕೊಳ್ಳೋಕಾದ್ರೂ ಆಗೋದು. ಸುಮ್ನೆ ಹೆದರಿಕೆ.”

ನಾನು ಬಟ್ಟೆಯ ಮಗ್ಗುಲು ಬದಲಿಸಿದೆ. ಯಾರ ಹತ್ತಿರವೂ ಹೇಳದಿದ್ದ ಮಾತು ಅದಾಗಿಯೇ ಬಂತು. “ನನಗೂ ಆಗಿತ್ತು. ನೀನು ಹೋದ ಮೇಲೆ ಒಬ್ಬೊಬ್ಬರೇ ಎಲ್ಲರೂ ಹೋಗ್ತಾರೆ ಅಂತ. ಅದಕ್ಕೇ ಅಷ್ಟು ಜೋರಾಗಿ ಕೂಗಿದ್ದು.”

“ನಿನಗೆ ಹೆದರಿಕೆ?”

“ಡ್ರಮ್ ಮೇಲೆ ಕಾಲು ನಡುಗ್ತಿತ್ತು. ಕೆಳಗಿದ್ದೋರಿಗೆ ಕಾಣ್ಲಿಲ್ಲ.” ಆಮೇಲೆ ಹೇಳಲೇಬೇಕಾದದ್ದನ್ನು ಹೇಳಿದೆ. “ಮುಷ್ಕರ ಸರಿ ಇತ್ತು. ಅದನ್ನ ನಾನು ಯಾವತ್ತೂ ತಪ್ಪು ಅನ್ನಲ್ಲ. ನಿನ್ನ ಮಗುವಿನ ಮುಂದೆ ನಿನಗೆ ಹೆಸರು ಕಟ್ಟಿದ್ದು ತಪ್ಪು. ಹೊಟ್ಟೆಗೆ ಹಾಕ್ಕೋ ಅಂತ ಕೇಳೋಕೂ ನಾಲಗೆ ಏಳ್ತಿಲ್ಲ.”

“ಮುಷ್ಕರ ಸರಿ ಇಲ್ಲ ಅಂತ ನಾನ್ಯಾವಾಗ ಅಂದೆ?” ಎಂದಳು. “ಟೋಕನ್ ಹೋಗಿದ್ದು ನಿನ್ನಿಂದ್ಲೇ. ಆಮೇಲೆ ಆರು ವರ್ಷ ನಾನೂ ಯಾರನ್ನೂ ಕೇಳದೆ ಎದ್ದು ಪಾಯಿಖಾನೆಗೆ ಹೋದೆ. ಹೋದಾಗೆಲ್ಲ ನಿನ್ನನ್ನ ಬೈಕೊಂಡೇ ಹೋದೆ.”

ಮೊದಲು ನಕ್ಕವಳು ಅವಳೋ ನಾನೋ ಗೊತ್ತಿಲ್ಲ. ಕುರ್ಚಿ ಕಿರುಗುಟ್ಟಿತು. ಒಳಗಿನಿಂದ ಸಿಸ್ಟರಮ್ಮ ಹಾಲಿನ ಪಾತ್ರೆ ಹಿಡಿದು ಬಂದು, ನಮ್ಮಿಬ್ಬರನ್ನೂ ಬಟ್ಟೆಯನ್ನೂ ನೋಡಿ, ಏನೂ ಕಾಣದವರಂತೆ, ಇಪ್ಪತ್ತೆರಡು ಲೋಟದ ಪಕ್ಕ ಇನ್ನೆರಡು ಲೋಟ ಇಟ್ಟರು.

ಎಂಟೂವರೆಯ ಸೈರನ್ ಕೂಗಿತು. ಬೀದಿಯ ತುದಿಯಲ್ಲಿ ಅವಳ ಮಗಳು ಲೈನಿನಲ್ಲಿ ಕೂತಿರುತ್ತಾಳೆ, ಮಗು ಎಲ್ಲಿದೆಯೋ ಎಂಬ ಚಿಂತೆಯಲ್ಲಿ. ಕಾಜಾ ಎದ್ದಳು. ಕ್ಷಮಿಸಿದೆ ಎನ್ನಲಿಲ್ಲ. ಹೆಗಲ ಚೀಲ ಇಳಿಸಿ ಅದೇ ಮೊಳೆಗೆ ಹಾಕಿದಳು.

“ಈ ಚಿತ್ರ ತೆಗಿ. ನೋಡಿದ್ರೆ ಮೈ ಉರಿಯುತ್ತೆ.”

“ಏನು ಬರೀಲಿ?”

“ಗುಂಡಿ ಬರಿ. ನಾಲ್ಕು ತೂತಿಂದು. ಎರಡು ತೂತಿಂದು ಅಗ್ಗದ್ದು.”

ಮಧ್ಯಾಹ್ನ ಊಟಕ್ಕೆ ಮುಂಚೆ ಮಕ್ಕಳು ಸಾಲಾಗಿ ಕೂತವು. ನಾನು ಪ್ರಾರ್ಥನೆ ಹೇಳಿಕೊಡುತ್ತ ಹೋದೆ. ಆ ಸಾಲು ಬಂತು. ಮುಂದೆಯೇ ಕೂತಿದ್ದ ಡಬ್ಬಿಯ ಮೂಗು ಎರಡೂ ಹೊಳ್ಳೆಯಿಂದ ಧಾರಾಳವಾಗಿ ಇಳಿಯುತ್ತಿತ್ತು. ಇಳಿಯಲಿ ಎಂದು ಬಿಟ್ಟೆ. ನೆಟ್ಟಗೆ ನಿಂತು ಸಾಲನ್ನು ಹೇಳಿದೆ. ಇಷ್ಟು ವರ್ಷ ಆ ಸಾಲಿನ ಎರಡನೇ ಅರ್ಧಕ್ಕೆ, ಕ್ಷಮಿಸಬೇಕಾದವಳು ನಾನು ಎಂಬ ಕಡೆಗೆ, ಕಾವಲು ಕೂತಿದ್ದೆ. ನನ್ನ ಜಾಗ ಮೊದಲನೇ ಅರ್ಧದಲ್ಲಿತ್ತು. ಅಲ್ಲಿ ನಿಂತು ಕೇಳಿಕೊಂಡ ಮೇಲೆ ಎರಡನೆಯದು ಅಂಥ ಭಾರವೇನೂ ಅನ್ನಿಸಲಿಲ್ಲ. ಮಾಲೀಕನ ಗಂಟೆ ಅದೇ ಹೊತ್ತಿಗೆ ಮೇಲೆ ಬಾರಿಸಿತು. ಅವನ ಮೇಲಿನ ನನ್ನ ಸಿಟ್ಟು ಒಂದು ಕೂದಲೂ ಕಡಿಮೆಯಾಗಿಲ್ಲ. ಕಾರ್ಖಾನೆಯೊಳಗಿನ ಶಿಶುವಿಹಾರಕ್ಕೆ ಹೊಸ ಹುಡುಗಿಯರು ಮತ್ತೆ ಅರ್ಜಿ ಬರೆಯುತ್ತಿದ್ದಾರೆ, ಅದರ ಒಕ್ಕಣೆ ನನ್ನದೇ. ಆದರೆ ಆ ದೇವರು ಗಂಟೆಯೊಳಗೆ ಇಲ್ಲ ಎಂಬುದು ನನಗೆ ಈಗ ಗೊತ್ತು. ಅವನು ನೀರು ಸುರಿಸಿಕೊಂಡು ನಡೆದು, ಕುದುರೆಯ ಹೊಟ್ಟೆಯ ಕೆಳಗೆ ಬಗ್ಗಿ, “ತಗೋ, ಹಿಡಿ” ಎಂದವನು.

ಆಮೇಲೆ ಮೂಗು ಒರೆಸಿದೆ.

ಸಂಜೆ ಕೂತು ಗುಂಡಿಯ ಚಿತ್ರ ಬರೆದು ಅಂಟಿಸಿದೆ, ನಾಲ್ಕು ತೂತಿನದು.

ಮರುದಿನ ಎಂಟಕ್ಕೆ ಬಾಗಿಲಲ್ಲಿ ಊರುಗೋಲಿನ ಸದ್ದು. ಕಾಜಾ ಚಿತ್ರವನ್ನು ಹತ್ತಿರದಿಂದ ನೋಡಿದಳು, ತೂತುಗಳ ಅಂತರವನ್ನು ಉಗುರಿನಲ್ಲಿ ಅಳೆದಳು, “ಸೊಟ್ಟ” ಎಂದಳು. ಜೀರಿಗೆಯ ಚೀಲವನ್ನು ಮೊಳೆಗೆ ಹಾಕಿದಳು. ಮಕ್ಕಳ ಕುರ್ಚಿ ಬಿಟ್ಟು, ಗೋಡೆಗೆ ಒರಗಿಸಿಟ್ಟಿದ್ದ ಮುರುಕು ಬೆಂಚನ್ನು ಊರುಗೋಲಿನಿಂದ ಎಳೆದುಕೊಂಡು ಪೂರ್ತಿಯಾಗಿ ಕೂತಳು. ಆಮೇಲೆ ತೋಳು ಮೇಲೆ ಸರಿಸಿಕೊಂಡು ನನ್ನ ಕಡೆ ಚಾಚಿದಳು.

“ಇವತ್ತು ಎಡಗೈ,” ಎಂದಳು.